ಅಪ್ಪನ ಬಾಯಲ್ಲಿ ಸಂಸಾರ

ಇಂಡೋನೇಷ್ಯಾದ ಸುಲಾವೆಸಿಗೆ ಪೂರ್ವದಲ್ಲಿ ಬಂಗಾಯಿ ದ್ವೀಪ. ಬೋನೆ ಬಾರು ಊರಿನ ದಂಡೆಯಿಂದ ನೀರಿಗಿಳಿದಿದ್ದೀರಿ. ಆಳಕ್ಕೇನೂ ಹೋಗಬೇಕಿಲ್ಲ, ಎದೆಮಟ್ಟ ಸಾಕು. ಮುಖ ಮುಳುಗಿಸಿ.

ತಳದಲ್ಲಿ ಸೀ ಅರ್ಚಿನ್‌ಗಳು ಗುಂಪಾಗಿ ಕೂತಿವೆ, ಮೈಯೆಲ್ಲ ಉದ್ದುದ್ದ ಕರಿಮುಳ್ಳು. ನಡುವೆ ಕಿತ್ತಳೆ ಬಣ್ಣದ ಉಂಗುರವೊಂದು ನಿಮ್ಮನ್ನೇ ದುರುಗುಟ್ಟಿ ನೋಡುವ ಕಣ್ಣಿನ ಹಾಗಿದೆ. ಕಣ್ಣಲ್ಲ, ಅದು ಗುದದ್ವಾರ. ನಿಮ್ಮ ನೆರಳು ಬಿದ್ದದ್ದೇ ತಡ, ಮುಳ್ಳುಗಳೆಲ್ಲ ಇತ್ತಲೇ ವಾಲುತ್ತವೆ. ಕಾಲು ಜೋಪಾನ, ಚುಚ್ಚಿದರೆ ಮುರಿದು ಒಳಗೇ ಉಳಿಯುತ್ತವೆ.

ಆ ಮುಳ್ಳುಗಳ ಸಂದಿಯಲ್ಲಿ ಬೆಳ್ಳಿ ಮಿಂಚುತ್ತಿದೆಯಲ್ಲ, ಅದೇ ಬಂಗಾಯಿ ಕಾರ್ಡಿನಲ್ ಮೀನು. ಎಷ್ಟು ಬೆಳೆದರೂ ಸುಮಾರು 8 ಸೆಂ.ಮೀ. ಮೂರು ಕಪ್ಪು ಪಟ್ಟೆಗಳಲ್ಲಿ ಒಂದು ಕಣ್ಣಿನ ಮೇಲೆಯೇ ಹಾದಿದೆ. ರೆಕ್ಕೆಗಳಿಗೆ ಬಿಳಿ ಚುಕ್ಕೆ, ಬಾಲ ಕವಲು. ಓಡುವ ಗಡಿಬಿಡಿಯೇ ಇಲ್ಲ. ಕೈ ಚಾಚಿದರೆ ಮುಳ್ಳಿನೊಳಕ್ಕೆ ತುಸು ಸರಿಯುತ್ತವೆ, ಅಷ್ಟೇ.

ಅಗೋ, ಅಂಚಿನಲ್ಲಿರುವುದನ್ನು ನೋಡಿ. ಗಲ್ಲ ಊದಿಕೊಂಡಿದೆ. ಗಂಡು. ಹೆಣ್ಣು ಇಟ್ಟ ಮೊಟ್ಟೆಗಳೆಲ್ಲ ಇದರ ಬಾಯಲ್ಲಿವೆ. ಉಂಡೆಯನ್ನು ಹೊರಳಿಸಲು ಬಾಯಿ ಅರೆತೆರೆದಾಗ ಕಿತ್ತಳೆ ಮೊಟ್ಟೆಗಳು ಕಂಡು ಮರೆಯಾಗುತ್ತವೆ. ಸುಮಾರು 20 ದಿನಕ್ಕೆ ಒಡೆದ ಮೇಲೂ ಮರಿಗಳನ್ನು ಇನ್ನೊಂದು ವಾರ, ಹತ್ತು ದಿನ ಒಳಗೇ ಇಟ್ಟುಕೊಳ್ಳುತ್ತದೆ. ಅಲ್ಲಿಯತನಕ ಉಪವಾಸ. ಆದರೆ ಆದರ್ಶ ಅಪ್ಪನೆಂದು ಹೊಗಳುವ ಆತುರ ಬೇಡ: ಹೊರಬಿದ್ದ ಮರಿಗಳನ್ನು ದೊಡ್ಡ ಮೀನುಗಳು ನುಂಗುವುದೂ ಉಂಟು!

ಹವಳದ ದಿಬ್ಬದ ಬಹುಪಾಲು ಮೀನುಗಳ ಮರಿಗಳು ಹುಟ್ಟುತ್ತಲೇ ಪ್ರವಾಹದ ಪಾಲಾಗಿ, ತೇಲಿ ತೇಲಿ ಎಲ್ಲೋ ದಡ ಸೇರುತ್ತವೆ. ಇದರ ಮರಿಗೆ ಆ ಯೋಗವಿಲ್ಲ. ಅಪ್ಪ ಉಗುಳಿದಲ್ಲೇ ಬಾಳು. ನಿಮ್ಮ ಬೆನ್ನ ಹಿಂದೆ ನೀರು ಕಡುನೀಲಿಯಾಗುವಲ್ಲಿಂದ ಆಚೆಗೆ ಆಳದ ಕಡಲು, ಅದನ್ನು ಇದು ದಾಟಲಾರದು. ಕೆಲವೇ ಕಿಲೋಮೀಟರ್ ಆಚೆಯ ಮೀನಿಗೂ ಇದಕ್ಕೂ ವಂಶವಾಹಿಯಲ್ಲೇ ವ್ಯತ್ಯಾಸ. ಇಲ್ಲಿ ಬರಿದಾದರೆ ಅಲ್ಲಿಂದ ಬಂದು ತುಂಬುವುದಿಲ್ಲ.

ಕೈಬಲೆ ತಂದಿದ್ದರೆ ಈ ಗುಂಪು ನಿಮ್ಮದೇ ಆಗುತ್ತಿತ್ತು. ತಂದವರಿದ್ದರು. 1994ರಲ್ಲಿ ಮೀನು ವಿಜ್ಞಾನಿ ಜೆರಾಲ್ಡ್ ಆಲನ್ ಇದನ್ನು ಮತ್ತೆ ಪತ್ತೆಹಚ್ಚಿದ ಬೆನ್ನಿಗೇ ಅಕ್ವೇರಿಯಂ ವ್ಯಾಪಾರ ಶುರುವಾಯಿತು. ವರ್ಷಕ್ಕೆ ಏಳೆಂಟು ಲಕ್ಷ ಮೀನು ಹೋಗುತ್ತಿದ್ದವೆಂಬ ಅಂದಾಜಿದೆ. 2007ರಲ್ಲಿ ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನನಗೆ ಇನ್ನೂ ಕೆಟ್ಟದ್ದೆನಿಸುವುದು ಊಟಕ್ಕೆಂದು ಸೀ ಅರ್ಚಿನ್‌ಗಳನ್ನೇ ಎತ್ತಿಕೊಂಡು ಹೋಗುವುದು. ಮುಳ್ಳಿಲ್ಲದ ಬಯಲಲ್ಲಿ ಮರಿ ಎಲ್ಲಿ ಅಡಗೀತು?

ವಿಚಿತ್ರ ಕೇಳಿ. ಆಳ ದಾಟಲಾರದ ಈ ಮೀನು ವ್ಯಾಪಾರಿಗಳ ಕೈಯಲ್ಲಿ ಉತ್ತರ ಸುಲಾವೆಸಿಯ ಲೆಂಬೆ ಜಲಸಂಧಿ ತಲುಪಿತು. ಅಲ್ಲಿ ನೀರಿಗೆ ಬಿಟ್ಟವು ಸಂಸಾರ ಹೂಡಿ, ಈಗ ಡೈವಿಂಗಿಗೆ ಬಂದವರ ಕ್ಯಾಮೆರಾಗಳಿಗೆ ಧಾರಾಳವಾಗಿ ಸಿಗುತ್ತಿವೆ.