ಕ್ರಿಯಾಪದ ಎಣಿಸುವ ಕೆಲಸ

‘ಐ ನೋ ಹಿ ಲೈಸ್.’ ಅವನು ಸುಳ್ಳು ಹೇಳ್ತಾನೆ ಅಂತ ನನಗೆ ಗೊತ್ತು. ನಾಲ್ಕೇ ಪದ, ಆದರೆ ಹೈಸ್ಕೂಲು ವ್ಯಾಕರಣದ ಲೆಕ್ಕದಲ್ಲಿ ಇದು ಕಾಂಪ್ಲೆಕ್ಸ್ ವಾಕ್ಯ. ಅತ್ತ ಯಾವುದೋ ಕಚೇರಿಯ ಗುಮಾಸ್ತರು ‘ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟು’ ಎಂಬ ಧಾಟಿಯ ಇಂಗ್ಲಿಷಿನಲ್ಲಿ ಠೇವಣಿ, ರಸೀದಿ, ಗಡುವು, ನಕಲು ಪ್ರತಿ ಎಲ್ಲವನ್ನೂ ಪೋಣಿಸಿ, ಆರನೇ ಸಾಲಿನ ತುದಿಗೆ ಒಂದು ‘ಈಸ್ ಪರ್ಮಿಸಿಬಲ್’ ಅಂಟಿಸಿದರೆ ಅದು ಸಿಂಪಲ್! ಸುಲಭ, ಕಷ್ಟದ ಮಾತೇ ಇಲ್ಲಿಲ್ಲ. ಕರ್ತೃವಿಗೂ ಕಾಲಕ್ಕೂ ಹೊಂದಿಕೊಂಡ ಕ್ರಿಯಾಪದ, ಅಂದರೆ ಫೈನೈಟ್ ವರ್ಬ್, ಎಷ್ಟಿವೆ ಎಂದು ಎಣಿಸಬೇಕು. ಒಂದೇ ಇದ್ದರೆ ಸಿಂಪಲ್. ಸರಿಸಮಾನರು ಆ್ಯಂಡ್, ಬಟ್ ಹಿಡಿದು ಜೊತೆಗೂಡಿದ್ದರೆ ಕಾಂಪೌಂಡ್. ಒಂದು ಇನ್ನೊಂದಕ್ಕೆ ಅಧೀನವಾಗಿದ್ದರೆ ಕಾಂಪ್ಲೆಕ್ಸ್.

*

ಎಣಿಸುವ ಈ ವಿದ್ಯೆ ನಮ್ಮ ಮಕ್ಕಳಿಗೆ ಯಾಕೆ ಒಗ್ಗುವುದಿಲ್ಲ? ನನ್ನ ಗುಮಾನಿ ಇದು. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹಿಡಿದ.’ ನಾಲ್ಕು ಕೆಲಸ ಆಗಿವೆ, ಪೂರ್ಣ ಕ್ರಿಯಾಪದ ಕೊನೆಯದೊಂದೇ. ‘ಬಂದರೆ’ ಕೂಡ ಹಾಗೆಯೇ: ನಾನು ಬಂದರೆ, ನೀನು ಬಂದರೆ, ಅವರು ಬಂದರೆ, ಮಳೆ ಬಂದರೆ. ಯಾರು ಬಂದರೂ ಅದು ಜಗ್ಗುವುದಿಲ್ಲ. ಇಂಗ್ಲಿಷಿನ ‘ಇಫ್ ಇಟ್ ರೇನ್ಸ್’ನಲ್ಲಿ ಮಾತ್ರ ಅಧೀನ ಉಪವಾಕ್ಯಕ್ಕೂ ಸ್ವಂತ ಕರ್ತೃ ಬೇಕು, ಆ ಕರ್ತೃವಿಗೆ ತಕ್ಕ ‘ಎಸ್’ ಬೇಕು. ಕನ್ನಡದಲ್ಲಿ ಪೂರ್ಣ ಕ್ರಿಯಾಪದವಿಲ್ಲದೆ ಆಗುವ ಕೆಲಸಕ್ಕೆ ಇಂಗ್ಲಿಷ್ ಮತ್ತೊಂದು ಪೂರ್ಣ ಕ್ರಿಯಾಪದ ಕೇಳುತ್ತದೆ.

*

ಆದರೆ ಇಂಗ್ಲಿಷೇ ಈ ಲೆಕ್ಕಕ್ಕೆ ಯಾವಾಗಲೂ ಸಿಗುತ್ತದೆಯೆ? ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ, 1791ರದು, 27 ಪದಗಳ ಒಂದೇ ವಾಕ್ಯ. ಮೊದಲ ಭಾಗದಲ್ಲಿ, ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಅಗತ್ಯ ಎಂಬ ಮಾತು. ಎರಡನೆಯದರಲ್ಲಿ, ಆಯುಧ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ತರಕೂಡದು ಎಂಬ ಮಾತು. ಎರಡರ ಸಂಬಂಧವೇನು? ಅದನ್ನು ಹೇಳಬೇಕಾದ ಜಾಗದಲ್ಲಿ ಇರುವುದು ಬರೀ ‘ಬೀಯಿಂಗ್’. ‘ಆದ್ದರಿಂದ’ವೂ ಇಲ್ಲ, ‘ಆದಷ್ಟು ಕಾಲ’ವೂ ಇಲ್ಲ. ನಮ್ಮ ಪತ್ರಿಕೆಗಳ ‘ಆಗಿದ್ದು’ ಇದೆಯಲ್ಲ, ಹೆಚ್ಚೂಕಡಿಮೆ ಅದೇ ಜಾತಿ. ಕಾರಣವೋ, ಸಂದರ್ಭವೋ, ಸುಮ್ಮನೆ ಪೀಠಿಕೆಯೋ, ಓದುಗನೇ ತೀರ್ಮಾನಿಸಿಕೊಳ್ಳಬೇಕು.

2008ರಲ್ಲಿ ಇದು ಹೆಲ್ಲರ್ ಪ್ರಕರಣವಾಗಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದಕ್ಕೆ ವಾಷಿಂಗ್ಟನ್ ನಗರ ಹೇರಿದ್ದ ನಿಷೇಧದ ಪ್ರಶ್ನೆ. ಭಾಷಾ ಪ್ರಾಧ್ಯಾಪಕರು ಕೆಲವರು ನ್ಯಾಯಾಲಯಕ್ಕೆ ಟಿಪ್ಪಣಿ ಸಲ್ಲಿಸಿ, ಆ ಮೊದಲ ಭಾಗ ಮುಖ್ಯ ವಾಕ್ಯಕ್ಕೆ ಕಾರಣ ಕೊಡುತ್ತದೆ, ಅದನ್ನು ಕಡೆಗಣಿಸಿ ಓದಲಾಗದು ಎಂದು ವಾದಿಸಿದರು. ನ್ಯಾಯಮೂರ್ತಿ ಸ್ಕಾಲಿಯಾ ಬರೆದ ಬಹುಮತದ ತೀರ್ಪು, ಅದು ಪೀಠಿಕೆಯ ಉಪವಾಕ್ಯ, ಉದ್ದೇಶ ತಿಳಿಸುತ್ತದೆಯೇ ಹೊರತು ಹಕ್ಕನ್ನು ಕುಗ್ಗಿಸುವುದಿಲ್ಲ ಎಂದಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ನನ್ನನ್ನು ಕಾಡುವುದು ಅದಕ್ಕಿಂತ ಸಣ್ಣ ವಿಷಯ. ತೀರ್ಪಿನಲ್ಲಿ ಅದು ಉಪವಾಕ್ಯ. ನಾವು ಓದಿದ ರೆನ್ ಆ್ಯಂಡ್ ಮಾರ್ಟಿನ್ ವ್ಯಾಕರಣದ ಪ್ರಕಾರ ‘ಬೀಯಿಂಗ್’ ಫೈನೈಟ್ ಅಲ್ಲ, ಹಾಗಾಗಿ ಅದು ಉಪವಾಕ್ಯವೇ ಅಲ್ಲ, ಬರೀ ಅಬ್ಸಲ್ಯೂಟ್ ಫ್ರೇಜ್. ಅಂದರೆ ಇಡೀ ತಿದ್ದುಪಡಿ, ಪರೀಕ್ಷೆಯ ಭಾಷೆಯಲ್ಲಿ, ಸಿಂಪಲ್ ಸೆಂಟೆನ್ಸ್!

*

‘ದ ನ್ಯೂಸ್ ದಟ್ ಹಿ ಬ್ರಾಟ್’, ‘ದ ನ್ಯೂಸ್ ದಟ್ ಹಿ ಡೈಡ್’. ಎರಡೂ ಒಂದೇ ಎರಕ. ಮೊದಲನೆಯದು ಅಡ್ಜೆಕ್ಟಿವ್ ಉಪವಾಕ್ಯ, ಎರಡನೆಯದು ನೌನ್ ಉಪವಾಕ್ಯ. ‘ದಟ್’ ತೆಗೆದು ‘ವಿಚ್’ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ಮೊದಲನೆಯದು ಒಪ್ಪುತ್ತದೆ, ಎರಡನೆಯದು ಒಪ್ಪುವುದಿಲ್ಲ. ತಂದ ಸುದ್ದಿ ಬೇರೆ, ತೀರಿಕೊಂಡನೆಂಬ ಸುದ್ದಿ ಬೇರೆ. ಆ ‘ಎಂಬ’ ಎಷ್ಟು ಅಚ್ಚುಕಟ್ಟು!

*

ಎಲ್ಲ ಕಡೆಯೂ ನಮ್ಮದೇ ಮೇಲು ಎನ್ನುವಂತಿಲ್ಲ. ‘ಧಾರವಾಡದಲ್ಲಿರುವ ನನ್ನ ತಮ್ಮ’ ಅಂದರೆ ಬೇರೆ ಊರಲ್ಲಿ ಇನ್ನೊಬ್ಬ ತಮ್ಮ ಇದ್ದಾನೋ ಇಲ್ಲವೋ, ತಿಳಿಯದು. ಇಂಗ್ಲಿಷಿನಲ್ಲಿ ‘ಹೂ ಲಿವ್ಸ್ ಇನ್ ಧಾರವಾಡ’ದ ಆಚೀಚೆ ಅಲ್ಪವಿರಾಮ ಇದ್ದರೆ ತಮ್ಮ ಒಬ್ಬನೇ, ಇಲ್ಲದಿದ್ದರೆ ಬೇರೆಯವರೂ ಇದ್ದಾರೆ. ಆಸ್ತಿ ಪತ್ರದ ಕರಡು ಬರೆಯುವವರು ಗಮನಿಸಬೇಕಾದ ಚುಕ್ಕೆಗಳು.

*

ಪ್ರಶ್ನಾರ್ಥಕ, ಆಜ್ಞಾರ್ಥಕ ಅಂತ ಇನ್ನೊಂದು ವಿಂಗಡಣೆ. ‘ವುಡ್ ಯು ಮೈಂಡ್ ಶಟಿಂಗ್ ದ ಡೋರ್?’ ರೂಪ ಪ್ರಶ್ನೆಯದು, ಕೆಲಸ ಆಜ್ಞೆಯದು, ಮುಚ್ಚಲು ಒಪ್ಪಿದವನು ಹೇಳಬೇಕಾದದ್ದು ‘ನೋ’. ಮುಂದೆ ಹೋಗೋಣ.

*

‘ದ ಮೋರ್ ಯು ಈಟ್, ದ ಮೋರ್ ಯು ವಾಂಟ್.’ ಎರಡು ಪೂರ್ಣ ಕ್ರಿಯಾಪದ, ಎರಡೂ ಅವಳಿಜವಳಿ. ಯಾವುದು ಮುಖ್ಯ, ಯಾವುದು ಅಧೀನ? ಕನ್ನಡದಲ್ಲಿ ಗೊಂದಲವಿಲ್ಲ: ‘ತಿಂದಷ್ಟೂ ಬೇಕೆನಿಸುತ್ತದೆ’. ತಿಂದಷ್ಟೂ ಎಂಬುದು ಒಂಟಿಯಾಗಿ ನಿಲ್ಲಲಾರದು. ಇಂಗ್ಲಿಷಿನಲ್ಲಿ ಉತ್ತರ ಬೇಕಿದ್ದರೆ ಹಿಂದುಮುಂದು ಮಾಡಬೇಕು: ‘ಯು ವಾಂಟ್ ಮೋರ್ ದ ಮೋರ್ ಯು ಈಟ್’. ತಲೆಯ ಮೇಲಿನ ‘ದ ಮೋರ್’ ಇಳಿಸಿ ‘ವಾಂಟ್’ ಮಾಮೂಲಿ ವಾಕ್ಯದ ಹಾಗೆ ನಡೆಯಿತು. ‘ಈಟ್’ಗೆ ಅದನ್ನು ಇಳಿಸಲು ಆಗಲಿಲ್ಲ. ಹಾಗಾಗಿ ಅಧೀನ ಉಪವಾಕ್ಯ ‘ಈಟ್’ನದೇ.