ಕೊಟ್ಟೂರಿನಿಂದ ಕಾಫಿ ಸೀಮೆಗೆ

ದೀಪಾವಳಿ ಕಳೆದಿದೆ, ಮೆಕ್ಕೆಜೋಳದ ಒಕ್ಕಣೆ ಮುಗಿದಿದೆ. ಕೊಟ್ಟೂರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ನೀವು ಕುಳಿತಿದ್ದೀರಿ. ಪಕ್ಕದಲ್ಲಿ ಒಂದು ಸಂಸಾರ, ಬಾಯಿ ಕಟ್ಟಿದ ಅವರ ಗೊಬ್ಬರದ ಚೀಲಗಳು. ಒಂದರಲ್ಲಿ ಕಂಬಳಿ, ಒಂದರಲ್ಲಿ ಪಾತ್ರೆ ಪಡಗ, ಇನ್ನೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಡೀ ಮನೆ ನಾಲ್ಕು ಚೀಲದೊಳಗೆ ಹಿಡಿಸಿದೆ.

"ಯವ್ವಾ, ಹುಡುಗನ್ನ ದಿನಾ ಸಾಲಿಗೆ ಕಳಸು."

"ಕಳಸ್ತೀನಿ ಬಿಡು. ನೀ ಚಳಿಯಾಗ ಜ್ವರ ಮಾಡ್ಕಬ್ಯಾಡ."

ಮಗಳ ಸೆರಗು ಸರಿಮಾಡಿ ಮುದುಕಿ ಹಿಂದೆ ಸರಿಯುತ್ತಾಳೆ. ಹುಡುಗ ಅಜ್ಜಿಯ ಬೆರಳು ಬಿಟ್ಟಿಲ್ಲ. ಅವನ ತಂಗಿ ಇನ್ನೂ ಕೈಕೂಸು, ತಾಯಿಯ ಜೊತೆ ಹೊರಟಿದ್ದಾಳೆ.

ಬಸ್ಸು ಬಂದಾಗ ಹೆಂಗಸರು ಆಧಾರ್ ಕಾರ್ಡು ಹಿಡಿದು ಮೊದಲು ಹತ್ತುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಟಿಕೆಟ್ಟಿಗೆ ದುಡ್ಡಿಲ್ಲ. ಅಷ್ಟರಮಟ್ಟಿಗೆ ಈ ಪಯಣ ಹಗುರವಾಗಿದೆ. ಗಂಡಸರ ಟಿಕೆಟ್ಟನ್ನು ಇವರನ್ನು ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಕೊಳ್ಳುತ್ತಾನೆ, ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆ ಪುಸ್ತಕದಲ್ಲಿ ಹಬ್ಬಕ್ಕೂ ಮೊದಲೇ ಕೊಟ್ಟ ಮುಂಗಡ ಇದೆ. ಬೀಜ ಗೊಬ್ಬರದ ಸಾಲಕ್ಕೆ, ಆಸ್ಪತ್ರೆಗೆ, ಮನೆಯ ಮದುವೆಗೆ ಅದು ಆಗಲೇ ಖರ್ಚಾಗಿದೆ. ಮುಂಗಡ ಹಿಡಿದವರು ಹೋಗಲೇಬೇಕು.

ಈ ಸೀಮೆಯಲ್ಲಿ ಎಲ್ಲರೂ ಗುಳೆ ಹೋಗುವುದಿಲ್ಲ. ಹಡಗಲಿ ಕಡೆ ಬಾವಿಯ ನೀರಿನಲ್ಲಿ ಮಲ್ಲಿಗೆ ಬೆಳೆದವರು ನಸುಕಿನಲ್ಲಿ ಮೊಗ್ಗು ಬಿಡಿಸುತ್ತ ಊರಲ್ಲೇ ಉಳಿಯುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ತುಂಗಭದ್ರೆಯ ಹಿನ್ನೀರು ಎಟುಕುವ ಹೊಲದವರಿಗೂ ಕೈತುಂಬ ಕೆಲಸ. ಕೂಡ್ಲಿಗಿಯಲ್ಲಿ ಮಳೆ ನಂಬಿದ ಕೆಂಪು ಹೊಲದವರು ರಾಷ್ಟ್ರೀಯ ಹೆದ್ದಾರಿ 50ರ ಅಂಚಿನಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕೈ ಅಡ್ಡ ಹಾಕುತ್ತಾರೆ. ಅಲ್ಲಿ ಕಟ್ಟಡದ ಕೆಲಸ. ಹರಪನಹಳ್ಳಿಯಲ್ಲಿ ನಿಮ್ಮ ಬಸ್ಸಿಗೆ ತಾಂಡಾದ ಇನ್ನೊಂದು ಗುಂಪು ಹತ್ತುತ್ತದೆ. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ತೀರ್ಮಾನಿಸುವುದು ನೀರು.

ದಾವಣಗೆರೆಯಲ್ಲಿ ಬಸ್ಸು ಬದಲು. ಚನ್ನಗಿರಿ, ಬೀರೂರು, ಕಡೂರು. ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿ ತಣ್ಣಗಾಗುತ್ತ ಹೋಗುತ್ತದೆ. ಚಿಕ್ಕಮಗಳೂರು ದಾಟಿ ತೋಟ ಸೇರುವಷ್ಟರಲ್ಲಿ ನಿಮ್ಮ ಕಿವಿ ಮರಗಟ್ಟಿದೆ. ಲೈನ್ ಮನೆಯ ಒಂದು ಕೋಣೆ, ಎರಡು ಸಂಸಾರ. ಮೂರು ಕಲ್ಲು ಜೋಡಿಸಿ ಆ ತಾಯಿ ಒಲೆ ಹೂಡುತ್ತಾಳೆ. ಕಟ್ಟಿಗೆ ಹಸಿ, ಹೊಗೆಗೆ ಕೂಸು ಕೆಮ್ಮುತ್ತದೆ.

ಬೆಳಿಗ್ಗೆ ಮಂಜು ಸರಿಯುವ ಮೊದಲೇ ಗಿಡದ ಬುಡದಲ್ಲಿ ಇರಬೇಕು. ಸೊಂಟಕ್ಕೆ ಚೀಲ ಕಟ್ಟಿಕೊಂಡು ನೀವೂ ಒಂದು ರೆಂಬೆ ಬಾಗಿಸಿ ನೋಡಿ. ಅರೇಬಿಕಾ ಕಾಫಿಯಲ್ಲಿ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ಒಂದೇ ಗೊಂಚಲಲ್ಲಿ ಕೆಂಪೂ ಇದೆ, ಹಸಿರೂ ಇದೆ. ಕೆಂಪನ್ನಷ್ಟೇ ಕೀಳಬೇಕು, ಹಸಿರು ಬಂದರೆ ತೋಟದ ರೈಟರ್ ಗದರುತ್ತಾರೆ. ಕೆಳಗೆ ಬಿದ್ದದ್ದನ್ನೂ ಬಿಡುವಂತಿಲ್ಲ, ಬಿದ್ದ ಹಣ್ಣಿನಲ್ಲಿ ಕಾಯಿಕೊರಕ ಹುಳ ಮನೆಮಾಡುತ್ತದೆ. ಇಬ್ಬನಿಗೆ ಬೆರಳು ಸೆಟೆದುಕೊಳ್ಳುತ್ತವೆ. ಎಲೆ ಹೆಣೆದು ಗೂಡು ಕಟ್ಟಿದ ಚಗಳಿ ಇರುವೆ ಕುತ್ತಿಗೆಯೊಳಗೆ ಇಳಿದು ಕಚ್ಚುತ್ತದೆ. ಆ ತಾಯಿಯ ಎರಡೂ ಕೈ ಬೇರೆ ಬೇರೆ ರೆಂಬೆಯಲ್ಲಿ ಓಡುತ್ತಿವೆ. ಇದನ್ನು ಕೌಶಲವಿಲ್ಲದ ಕೆಲಸ ಎನ್ನುವವರು ಒಂದು ದಿನ ಅವಳ ಪಕ್ಕ ನಿಲ್ಲಬೇಕು.

ಮಧ್ಯಾಹ್ನ ಯಾರೋ ಕೂಗುತ್ತಾರೆ: "ಆನಿ ಬಂದೈತಂತ್ರೋ, ಮ್ಯಾಲಿನ ಬ್ಲಾಕಿಗೆ ಹೋಗಬ್ಯಾಡ್ರಿ!" ಬಯಲುಸೀಮೆಯ ಈ ಮಂದಿ ಆನೆಯನ್ನು ಜಾತ್ರೆಯಲ್ಲಿ ಕಂಡವರು. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಅಂಟಿ ನಿಲ್ಲುತ್ತಾರೆ. ಮರದ ನೆರಳಲ್ಲಿ ಸೀರೆಯ ಜೋಲಿಯೊಳಗೆ ಮಲಗಿಸಿದ್ದ ಕೂಸಿನ ಕಡೆಗೆ ಆ ತಾಯಿ ಚೀಲ ಬಿಸಾಕಿ ಓಡುತ್ತಾಳೆ.

ಸಂಜೆ ತೂಕ. ಕತ್ತಲಲ್ಲಿ ಟಾರ್ಚ್ ಹಿಡಿದು ತಕ್ಕಡಿಯ ಮುಳ್ಳು ನೋಡುತ್ತಾರೆ. ಮೇಸ್ತ್ರಿ ಕೂಗಿದ ಕಿಲೋ ಲೆಕ್ಕವನ್ನು ಆಕೆಯ ಗಂಡ ಬೀಡಿ ಪೊಟ್ಟಣದ ಹಿಂಬದಿಗೆ ಬರೆದುಕೊಳ್ಳುತ್ತಾನೆ. ಮುಂಗಡ ತೀರಿದ ಮೇಲಿನದು ಮಾತ್ರ ಅವರ ದುಡ್ಡು.

ಹಣ್ಣು ಕಿತ್ತು ದುಡಿಯಲು ದೂರ ಹೋಗುವವರು ಲೋಕದ ಬೇರೆಡೆಯೂ ಇದ್ದಾರೆ. ಬೆನ್ನಿಗೆ ಚೀಲ ಹಾಕಿ ಆಸ್ಟ್ರೇಲಿಯಾ ಸುತ್ತುವ ಪರದೇಶದ ಯುವಜನರು ಅಲ್ಲಿನ ತೋಟಗಳಲ್ಲಿ ದುಡಿದು ಮುಂದಿನ ದಾರಿಖರ್ಚು ಹೊಂದಿಸಿಕೊಳ್ಳುತ್ತಾರೆ. ಅದಕ್ಕೆಂದೇ ವೀಸಾ ಇದೆ. 88 ದಿನ ಇಂಥ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಿದರೆ ಎರಡನೇ ವರ್ಷಕ್ಕೂ ವೀಸಾ ಕೇಳಬಹುದು. ಅಲ್ಲಿ ದುಡಿದ ಪ್ರತಿ ದಿನಕ್ಕೂ ಲೆಕ್ಕ. ಕೊಟ್ಟೂರಿನ ಈ ತಾಯಿಯ ದಿನಗಳಿಗೆ ಬೀಡಿ ಪೊಟ್ಟಣವೇ ದಾಖಲೆ. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕೇಂದ್ರದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಇವಳು ಗಡಿ ದಾಟಿಲ್ಲ, ಹಾಗಾಗಿ ಆ ಲೆಕ್ಕಕ್ಕೂ ಬರಲಿಲ್ಲ.

ರಾತ್ರಿ ಮೇಸ್ತ್ರಿಯ ಫೋನಿನಲ್ಲಿ ಊರಿಗೆ ಮಾತು. "ಸಾಲಿಗೆ ಹೋಗಿದ್ದೇನಪಾ?" ಆ ಕಡೆ ಹುಡುಗ ಸುಮ್ಮನಿದ್ದಾನೆ. ಅಜ್ಜಿಗೆ ಮೈ ಹುಷಾರಿಲ್ಲ, ಮೂರು ದಿನದಿಂದ ಅವನೇ ಕುರಿ ಕಾಯಲು ಹೋಗುತ್ತಿದ್ದಾನೆ. ತಾಯಿ ಫೋನು ಗಂಡನ ಕೈಗಿಟ್ಟು ಒಲೆಯ ಮುಂದೆ ಕುಳಿತುಬಿಡುತ್ತಾಳೆ.

ಇವರು ಯುಗಾದಿಗೆ ಮರಳುತ್ತಾರೆ. ಆ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ, ಹುಡುಗನ ಅರ್ಧ ವರ್ಷದ ಓದು ಹೋಗಿರುತ್ತದೆ. ಗುಳೆ ಹೋದವರ ಮಕ್ಕಳಿಗೆ ಋತುಮಾನದ ವಸತಿನಿಲಯ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅದು ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಈ ಐದೂ ತಾಲೂಕುಗಳಲ್ಲಿ ದೀಪಾವಳಿಗೆ ಮೊದಲೇ ಬಾಗಿಲು ತೆರೆಯಬೇಕು, ಬಸ್ಸು ಹೋದ ಮೇಲಲ್ಲ. ಗ್ರಾಮ ಪಂಚಾಯಿತಿಯವರೇ, ಒಕ್ಕಣೆ ನಡೆಯುತ್ತಿರುವಾಗಲೇ ಮನೆಮನೆಗೆ ಹೋಗಿ ಯಾರು ಹೊರಟಿದ್ದಾರೆ, ಎಲ್ಲಿಗೆ, ಯಾರ ಮಕ್ಕಳು ಉಳಿಯುತ್ತಾರೆ ಎಂದು ಬರೆದುಕೊಳ್ಳಿ. ತೋಟದ ಮಾಲೀಕರೇ, ತೂಕವನ್ನು ಬೆಳಕಿರುವಾಗ ಮಾಡಿಸಿ, ಚೀಟಿಯನ್ನು ದುಡಿದವರ ಕೈಗೇ ಕೊಡಿ.