ಬೀಗದ ಕೈ ಇಲ್ಲದ ಬೀಗ

ಅಂಚೆಚೀಟಿ ಸಂಗ್ರಹಿಸುವವರುಂಟು, ಹಳೆಯ ನಾಣ್ಯಗಳಿಗಾಗಿ ಊರೂರು ಅಲೆಯುವವರುಂಟು. ಅವರ ಹವ್ಯಾಸವನ್ನು ಕೇಳಿದವರು ಮೆಚ್ಚಿ ತಲೆದೂಗುತ್ತಾರೆ. ನನ್ನ ಹವ್ಯಾಸವನ್ನು ಕೇಳಿದವರು ಮಾತ್ರ ಮೊದಲು ತಮ್ಮ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಬೀಗದ ಕೈ ಇಲ್ಲದೆ ಬೀಗ ತೆಗೆಯುವುದು ನನ್ನ ಹವ್ಯಾಸ. ನಂಜನಗೂಡಿನಲ್ಲಿ ಹಗಲೆಲ್ಲ ಹಳಗನ್ನಡದ ಪಾಠ ಹೇಳುವ ಅಧ್ಯಾಪಕನಿಗೆ ಇದೆಂತಹ ಚಪಲವೆಂದು ನನ್ನಾಕೆ ಕೇಳಿದಳು. “ಹಳಗನ್ನಡದ ಪದ್ಯವೂ ಬೀಗವೇ. ಅನ್ವಯವೆಂಬ ಕಡ್ಡಿಯಿಂದ ತೆಗೆಯಬೇಕು” ಎಂದೆ. “ಹಾಗಾದರೆ ಪದ್ಯವನ್ನೇ ತೆಗೆಯಿರಿ, ಮುಂಬಾಗಿಲ ಬೀಗವನ್ನು ಬಿಟ್ಟುಬಿಡಿ” ಎಂದಳು.

ಆಕೆಯ ಮಾತೂ ಶಾಸ್ತ್ರಸಮ್ಮತವೇ. ಈ ಹವ್ಯಾಸಿಗಳು ಪಾಲಿಸುವ ನಿಯಮಗಳು ಎರಡು. ಒಡೆಯನ ಒಪ್ಪಿಗೆಯಿಲ್ಲದೆ ಪರರ ಬೀಗವನ್ನು ಮುಟ್ಟಬಾರದು. ಬಳಕೆಯಲ್ಲಿರುವ ಬೀಗದ ಮೇಲೆ ಕೈಚಳಕ ತೋರಬಾರದು.

ನನ್ನ ಸರಂಜಾಮೆಲ್ಲ ಕನ್ನಡಕದ ಡಬ್ಬಿಯಲ್ಲಿ ಅಡಗುತ್ತದೆ: ತುದಿ ಬಾಗಿದ ನಾಲ್ಕೈದು ಉಕ್ಕಿನ ಕಡ್ಡಿಗಳು, ಮೂಲೆ ಮಡಿಸಿದ ತೆಳುವಾದ ಪಟ್ಟಿ, ಒಳಗಿನದೆಲ್ಲ ಕಾಣುವ ಗಾಜಿನಂತಹ ಅಭ್ಯಾಸದ ಬೀಗ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಬಗೆಯ ಬೀಗವದು. ಅದರ ಉರುಳೆಯನ್ನು ಐದಾರು ಪುಟ್ಟ ಗೂಟಗಳು ಅಡ್ಡಗಟ್ಟಿರುತ್ತವೆ. ಪ್ರತಿ ಗೂಟವೂ ಎರಡು ತುಂಡು. ಸರಿಯಾದ ಕೈ ಹೊಕ್ಕಾಗ ತುಂಡುಗಳ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಉರುಳೆ ತಿರುಗುತ್ತದೆ. ಆದರೆ ರಂಧ್ರ ಕೊರೆಯುವಾಗ ಕೂದಲೆಳೆಯ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಆದಕಾರಣ ಪಟ್ಟಿಯಿಂದ ಉರುಳೆಯನ್ನು ಮೆಲ್ಲನೆ ಒತ್ತಿದರೆ ಒಂದು ಗೂಟ ಉಳಿದವಕ್ಕಿಂತ ಮೊದಲು ಬಿಗಿಯುತ್ತದೆ. ಅದನ್ನು ಕಡ್ಡಿಯಿಂದ ಎತ್ತಿ, ‘ಟಿಕ್’ ಎಂದೊಡನೆ ಮುಂದಿನದಕ್ಕೆ ಹೋಗಬೇಕು. ಹೊಸಬರು ಸೋಲುವುದು ಕಡ್ಡಿಯ ದೋಷದಿಂದಲ್ಲ, ಪಟ್ಟಿಯನ್ನು ಬಲವಾಗಿ ಅದುಮುವುದರಿಂದ.

ತಾಳ್ಮೆಯೇ ಇಲ್ಲಿ ಮುಖ್ಯ ಉಪಕರಣ. ಲಂಡನ್ನಿನಲ್ಲಿ ಅರವತ್ತು ವರ್ಷ ಯಾರಿಗೂ ಮಣಿಯದಿದ್ದ ಬ್ರಾಮಾ ಬೀಗವನ್ನು 1851ರಲ್ಲಿ ಹಾಬ್ಸ್ ಎಂಬ ಅಮೆರಿಕದವನು ಸುಮಾರು 51 ಗಂಟೆ ಶ್ರಮಿಸಿ ತೆಗೆದು, 200 ಗಿನಿ ಬಹುಮಾನ ಪಡೆದನು. ನನಗೆ ಬಹುಮಾನದ ಆಸೆಯಿರಲಿಲ್ಲ. ಆದರೂ ಪರೀಕ್ಷೆಯ ದಿನ ಬಂದಿತು.

ತಂದೆಯವರು ಕಾಲವಾಗಿ ಮೂರು ತಿಂಗಳಾಗಿತ್ತು. ಅವರ ಮರದ ಪೆಟ್ಟಿಗೆಯಲ್ಲಿದ್ದ ಜಮೀನಿನ ಪತ್ರಗಳು ಬೇಕಾದುವು. ಅವರ ಉಡಿದಾರದಲ್ಲಿ ಸದಾ ತೂಗುತ್ತಿದ್ದ ಬೀಗದ ಕೈ ಕಾಣದು. ಸಂಗಮದ ಸ್ನಾನದಲ್ಲಿ ಜಾರಿ ಕಾವೇರಿಯ ಪಾಲೋ ಕಪಿಲೆಯ ಪಾಲೋ ಆಗಿರಬೇಕೆಂದು ತಾಯಿಯವರ ಊಹೆ. ನಾನು ಡಬ್ಬಿ ಹಿಡಿದು, ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ತಿರುಮಕೂಡಲು ನರಸೀಪುರಕ್ಕೆ ಬಂದಾಗ ತಮ್ಮ ಆಗಲೇ ಸುತ್ತಿಗೆ ಹಿಡಿದು ನಿಂತಿದ್ದ. “ಅವರು ದಿನಾ ಮುಟ್ಟುತ್ತಿದ್ದ ಬೀಗ ಕಣಪ್ಪಾ, ಒಡೀಬೇಡಿ” ಎಂದರು ತಾಯಿ.

ಗತ್ತಿನಿಂದ ಡಬ್ಬಿ ಬಿಚ್ಚಿದೆ. ಅದು ಯೇಲನ ಬಗೆಯದಲ್ಲ. ಹಿತ್ತಾಳೆಯ ಹಳೆಯ ಲಿವರ್ ಬೀಗ. ಆ ದೊಡ್ಡ ಕಿಂಡಿಯಲ್ಲಿ ನನ್ನ ಅಂದವಾದ ಕಡ್ಡಿಗಳು ಹುಲ್ಲುಕಡ್ಡಿಗಳಾದವು. ಕೊನೆಗೆ ಹಿತ್ತಿಲಿನಲ್ಲಿ ಒರಗಿದ್ದ ತಂದೆಯವರ ಸೈಕಲ್ಲಿನಿಂದ ಎರಡು ಕಡ್ಡಿ ಬಿಚ್ಚಿ, ಅರದಿಂದ ಉಜ್ಜಿ, ತುದಿ ಬಾಗಿಸಿದೆ. ಒಂದರಿಂದ ಒಳಗಿನ ಅಗುಳಿಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಲಿವರುಗಳನ್ನು ಒಂದೊಂದಾಗಿ ಎತ್ತಿದೆ. ಮುಕ್ಕಾಲು ಗಂಟೆಯ ಮೇಲೆ ಬೀಗ ಬಾಯ್ದೆರೆಯಿತು.

ತಮ್ಮ ಚಪ್ಪಾಳೆ ತಟ್ಟಿದ. ತಾಯಿ ನಗಲಿಲ್ಲ. “ಇಷ್ಟೇನಾ? ಇದನ್ನ ನಂಬಿಕೊಂಡು ನಲವತ್ತು ವರ್ಷ ನಿದ್ದೆ ಮಾಡಿದರಲ್ಲಪ್ಪ” ಎಂದರು. ನನ್ನ ಹೆಮ್ಮೆ ಅಲ್ಲಿಯೇ ಇಳಿಯಿತು.

ಪತ್ರಗಳು ದೊರೆತವು. ಅವುಗಳ ಅಡಿಯಲ್ಲಿ ದಾರದಿಂದ ಬಿಗಿದ ಕಾಗದಗಳ ಕಟ್ಟೊಂದಿತ್ತು. ತಮ್ಮ ಕೈ ಚಾಚಿದ. “ಅದು ನಿಮಗಲ್ಲ” ಎಂದು ತಾಯಿ ಮುಚ್ಚಳ ಇಳಿಸಿದರು. ಅವರು ಒಪ್ಪಿದ್ದುದು ಪತ್ರಗಳಿಗೆ ಮಾತ್ರ. ನಮ್ಮ ಹವ್ಯಾಸದ ಮೊದಲ ನಿಯಮ ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು.

ಬೀಗವನ್ನು ಮತ್ತೆ ಹಾಕಹೋದೆ. ಕೈ ಇಲ್ಲದೆ ಅದು ಕೂಡಲೊಲ್ಲದು. ತೆಗೆಯುವುದನ್ನು ಕಲಿತಿದ್ದವನಿಗೆ ಹಾಕುವುದು ಬರಲಿಲ್ಲ! ಈಗ ಅದನ್ನು ಚಿಲಕಕ್ಕೆ ಸುಮ್ಮನೆ ಸಿಕ್ಕಿಸಿದ್ದೇವೆ. ಮಕ್ಕಳು ಎಳೆದರೂ ಬಿಚ್ಚೀತು. ಹಬ್ಬಕ್ಕೆ ಹೋದಾಗಲೆಲ್ಲ ನೋಡುತ್ತೇನೆ: ಯಾರೂ ತೆಗೆದಿಲ್ಲ. ಸೈಕಲ್ಲಿನ ಆ ಎರಡು ಕಡ್ಡಿಗಳು ನನ್ನ ಡಬ್ಬಿಯಲ್ಲಿಯೇ ಇವೆ. ಅವನ್ನು ನಾನೂ ಮತ್ತೆ ಹಿಡಿದಿಲ್ಲ.